ಬಚ್ಚಿಡದ ವಿದ್ಯೆ, ಮರೆಮಾಚದ ಗುರು

ಸೌರಾಷ್ಟ್ರದ ಗಿರಿನಗರದ ಬೆಟ್ಟ. ಇಂದು ನಾವು ಗಿರನಾರ್ ಎಂದು ಕರೆಯುವ ತೀರ್ಥಕ್ಷೇತ್ರ. ಅಲ್ಲಿನ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರೆಂಬ ವಯೋವೃದ್ಧ ಮುನಿಗಳು ತಪೋನಿರತರಾಗಿದ್ದರು. ಭಗವಾನ್ ಮಹಾವೀರರ ನಿರ್ವಾಣವಾಗಿ ಆರು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿತ್ತು. ಗುರುವಿನ ಮುಖದಿಂದ ಶಿಷ್ಯನ ಕಿವಿಗೆ, ಅಲ್ಲಿಂದ ಸ್ಮೃತಿಗೆ ಹರಿದುಬಂದ ದ್ವಾದಶಾಂಗ ಶ್ರುತಜ್ಞಾನವು ತಲೆಮಾರು ಕಳೆದಂತೆ ಕ್ಷೀಣಿಸುತ್ತ ಬಂದಿತ್ತು. ಉಳಿದಿದ್ದ ಅಲ್ಪಭಾಗವನ್ನು ಬಲ್ಲವರು ಧರಸೇನರು. ದೇಹವನ್ನು ಬಿಡಬೇಕಲ್ಲಾ ಎಂಬ ಚಿಂತೆ ಆ ನಿರ್ಗ್ರಂಥರಿಗೆ ಇರಲಿಲ್ಲ. ತಾವು ಬಲ್ಲದ್ದು ತಮ್ಮೊಡನೆಯೇ ಅಳಿದುಹೋದೀತೆಂಬ ಚಿಂತೆ ಮಾತ್ರ ಅವರನ್ನು ಕಾಡುತ್ತಿತ್ತು.

ದಕ್ಷಿಣಾಪಥದಲ್ಲಿ ನೆರೆದಿದ್ದ ಮುನಿಸಂಘಕ್ಕೆ ಅವರು ಪತ್ರ ಕಳುಹಿಸಿದರು. ಕೇಳಿದ್ದನ್ನು ಗ್ರಹಿಸುವ ಶಕ್ತಿ, ಗ್ರಹಿಸಿದ್ದನ್ನು ಉಳಿಸಿಕೊಳ್ಳುವ ಶಕ್ತಿ, ಅದಕ್ಕೆ ತಕ್ಕ ವಿನಯ ಈ ಮೂರೂ ಉಳ್ಳ ಇಬ್ಬರು ಮುನಿಗಳನ್ನು ಸಂಘವು ಆರಿಸಿ ಕಳುಹಿಸಿತು. ಅವರು ಬಂದು ಸೇರುವ ಮುನ್ನಿನ ರಾತ್ರಿ, ಎರಡು ಬಿಳಿಯ ವೃಷಭಗಳು ಪ್ರದಕ್ಷಿಣೆ ಬಂದು ತಮ್ಮ ಪಾದಕ್ಕೆರಗಿದಂತೆ ಆಚಾರ್ಯರು ಕನಸು ಕಂಡರು. ಎಚ್ಚರವಾದೊಡನೆ ಅವರ ಬಾಯಿಂದ ಹೊರಟದ್ದು ಶ್ರುತದೇವತೆಯ ಜಯಕಾರ. ಮುಂದೆ ಪುಷ್ಪದಂತ, ಭೂತಬಲಿ ಎಂದು ಪ್ರಸಿದ್ಧರಾದ ಆಚಾರ್ಯರು ಆ ಇಬ್ಬರು ಮುನಿಗಳೇ. ವೀರಸೇನಾಚಾರ್ಯರು ತಮ್ಮ ‘ಧವಲಾ’ ಟೀಕೆಯ ಆರಂಭಭಾಗದಲ್ಲಿ ಈ ವೃತ್ತಾಂತವನ್ನು ನಿರೂಪಿಸಿದ್ದಾರೆ.

ಕಾಲ ಮೀರುತ್ತಿದ್ದರೂ ಧರಸೇನರು ಆತುರಪಡಲಿಲ್ಲ. ಇಬ್ಬರಿಗೂ ಒಂದೊಂದು ಮಂತ್ರವನ್ನು ಕೊಟ್ಟು, ಎರಡು ದಿನಗಳ ಉಪವಾಸದೊಂದಿಗೆ ಸಾಧಿಸುವಂತೆ ಹೇಳಿದರು. ಒಂದು ಮಂತ್ರದಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಸಾಧನೆ ಮುಗಿದಾಗ ಕಾಣಿಸಿಕೊಂಡ ದೇವತೆಯರಲ್ಲಿ ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ಶಿಷ್ಯರು ಬೆದರಲಿಲ್ಲ. ದೇವತೆಯರಿಗೆ ಅಂಗವಿಕಾರ ಸಹಜವಲ್ಲ, ಆದ್ದರಿಂದ ದೋಷ ಮಂತ್ರದಲ್ಲಿಯೇ ಇರಬೇಕೆಂದು ಆಲೋಚಿಸಿದರು. ಮಂತ್ರವ್ಯಾಕರಣವನ್ನು ಅನುಸರಿಸಿ ಹೆಚ್ಚಿನದನ್ನು ತೆಗೆದರು, ಕೊರತೆಯನ್ನು ತುಂಬಿದರು. ಮತ್ತೆ ಜಪಿಸಿದಾಗ ದೇವತೆಯರು ಸಹಜರೂಪದಿಂದ ಕಾಣಿಸಿಕೊಂಡರು. ಅವರು ನಡೆದುದನ್ನೆಲ್ಲ ವಿನಯದಿಂದ ಗುರುವಿಗೆ ನಿವೇದಿಸಿದರು. ಗುರು ಸಂತುಷ್ಟರಾಗಿ, ಶುಭತಿಥಿಯಲ್ಲಿ ಪಾಠವನ್ನು ಆರಂಭಿಸಿದರು.

ಈ ಪ್ರಸಂಗವನ್ನು ನಾವು ಶಿಷ್ಯರ ಜಾಣ್ಮೆಯ ಕಥೆಯೆಂದು ಓದುವುದುಂಟು. ಗುರುವಿನ ದೃಷ್ಟಿಯಿಂದಲೂ ಇದನ್ನು ಓದಬೇಕು. ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸುವ ಶಿಷ್ಯರು ಧರಸೇನರಿಗೆ ಬೇಕಾಗಿರಲಿಲ್ಲ. ಗುರುವಿನ ಮಾತಿನಲ್ಲಿಯೂ ತಪ್ಪನ್ನು ಗುರುತಿಸುವ ವಿವೇಕ ಮತ್ತು ಗುರುತಿಸಿದ ಮೇಲೂ ಗುರುವಿಗೆ ತಲೆಬಾಗುವ ವಿನಯ ಎರಡೂ ಒಂದೇ ಮನಸ್ಸಿನಲ್ಲಿ ಇವೆಯೇ ಎಂದು ಅವರು ನೋಡಿದರು. ವಿವೇಕವಿಲ್ಲದ ವಿನಯವು ಶ್ರುತವನ್ನು ತಪ್ಪಾಗಿ ಸಾಗಿಸೀತು. ವಿನಯವಿಲ್ಲದ ವಿವೇಕವು ಅದನ್ನು ಸ್ವಂತ ಸೊತ್ತೆಂದು ಭಾವಿಸೀತು. ತನ್ನನ್ನು ತಿದ್ದಬಲ್ಲ ಶಿಷ್ಯನನ್ನು ಕಂಡು ಕುಗ್ಗದೆ ಹಿಗ್ಗುವುದು ಬೋಧಕನ ಮೊದಲ ಪರೀಕ್ಷೆ. ಗುಹೆಯಲ್ಲಿ ಆ ದಿನ ಪರೀಕ್ಷೆಗೆ ಒಳಗಾದವರು ಇಬ್ಬರಲ್ಲ, ಮೂವರು.

ಆಷಾಢ ಶುಕ್ಲ ಏಕಾದಶಿಯ ಬೆಳಿಗ್ಗೆ ಅಧ್ಯಯನ ಮುಗಿಯಿತು. ಅದೇ ದಿನ ಶಿಷ್ಯರು ಗುರುವಿನ ಆಜ್ಞೆಯಂತೆ ಅಲ್ಲಿಂದ ಹೊರಡಬೇಕಾಯಿತು. ತಮ್ಮ ಅಂತ್ಯ ಸಮೀಪಿಸಿದೆ, ಅದನ್ನು ಕಂಡು ಇವರಿಗೆ ಕ್ಲೇಶವಾಗಬಾರದು ಎಂದು ಗುರು ಹಾಗೆ ಮಾಡಿದರೆಂದು ಪರಂಪರೆ ಹೇಳುತ್ತದೆ. ಇಬ್ಬರೂ ಅಂಕಲೇಶ್ವರದಲ್ಲಿ ಚಾತುರ್ಮಾಸವನ್ನು ಕಳೆದರು. ಅನಂತರ ಪುಷ್ಪದಂತರು ನಮ್ಮ ಬನವಾಸಿಯ ನಾಡಿಗೆ, ಭೂತಬಲಿಗಳು ತಮಿಳು ದೇಶಕ್ಕೆ ವಿಹರಿಸಿದರು. ಕೇಳಿದ್ದನ್ನು ಸೂತ್ರಗಳಾಗಿ ರಚಿಸುವ ಕಾರ್ಯವನ್ನು ಪುಷ್ಪದಂತರು ಬನವಾಸಿಯಲ್ಲಿ ಆರಂಭಿಸಿದರು, ಭೂತಬಲಿಗಳು ಪೂರ್ಣಗೊಳಿಸಿದರು. ಅದುವೇ ‘ಷಟ್‌ಖಂಡಾಗಮ’. ಅದು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಆ ಗ್ರಂಥವನ್ನು ಧರಸೇನರು ನೋಡಲಿಲ್ಲ. ಬಿತ್ತಿದವನು ಫಲವನ್ನು ನೋಡದೆ ಹೋಗುವುದು ಬೋಧಕವೃತ್ತಿಗೆ ಹುಟ್ಟಿನಿಂದಲೇ ಅಂಟಿಬಂದ ನೋವು. ಆದರೂ ಬಿತ್ತುವ ಕೈ ಹಿಂಜರಿಯಬಾರದೆಂಬುದಕ್ಕೆ ಚಂದ್ರಗುಹೆ ಸಾಕ್ಷಿ.

ಜೈನಧರ್ಮದಲ್ಲಿ ಕಲಿಸುವವನಿಗೆ ಇರುವ ಸ್ಥಾನ ಎಷ್ಟು ಹಿರಿದೆಂಬುದನ್ನು ಪ್ರತಿದಿನದ ಣಮೋಕಾರ ಮಂತ್ರವೇ ತಿಳಿಸುತ್ತದೆ. ಅರಿಹಂತ, ಸಿದ್ಧ, ಆಚಾರ್ಯರ ನಂತರದ ನಾಲ್ಕನೆಯ ವಂದನೆ ಉಪಾಧ್ಯಾಯ ಪರಮೇಷ್ಠಿಗೆ ಸಲ್ಲುತ್ತದೆ. ಆಚಾರ್ಯರಿಗೆ 36 ಮೂಲಗುಣಗಳನ್ನು ಹೇಳಿದಂತೆ ಉಪಾಧ್ಯಾಯರಿಗೆ 25 ಗುಣಗಳನ್ನು ಹೇಳಿದೆ. ಅವು ಹನ್ನೊಂದು ಅಂಗ ಮತ್ತು ಹದಿನಾಲ್ಕು ಪೂರ್ವಗಳ ಜ್ಞಾನವೇ ಆಗಿವೆ. ಅಂದರೆ ತಾನು ಓದುವುದು ಮತ್ತು ಇತರರಿಗೆ ಓದಿಸುವುದು, ಇದೇ ಅವರ ಲಕ್ಷಣ. ಓದುವುದನ್ನು ನಿಲ್ಲಿಸಿದವನು ಓದಿಸಲಾರ ಎಂಬ ಎಚ್ಚರಿಕೆಯೂ ಇದರೊಳಗೇ ಇದೆ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸುತ್ತದೆ. ಅದಕ್ಕೆ ಐದು ಅಂಗಗಳು: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಪಾಠವನ್ನು ಕೊಡುವುದು, ಸಂಶಯ ಕಳೆಯಲು ಪ್ರಶ್ನಿಸುವುದು, ಮನಸ್ಸಿನಲ್ಲಿ ಮಥಿಸುವುದು, ಶುದ್ಧ ಉಚ್ಚಾರಣೆಯಿಂದ ಮತ್ತೆ ಮತ್ತೆ ಹೇಳುವುದು, ಕೊನೆಗೆ ಇತರರಿಗೆ ತಿಳಿಸುವುದು. ಪ್ರಶ್ನೆ ಕೇಳುವುದನ್ನೂ ಇಲ್ಲಿ ತಪಸ್ಸೆಂದು ಹೇಳಿರುವುದು ಗಮನಾರ್ಹ. ಶಿಷ್ಯನ ಪ್ರಶ್ನೆ ತಪಸ್ಸಾದರೆ ಅದನ್ನು ಸಹನೆಯಿಂದ ಕೇಳಿ ಉತ್ತರಿಸುವುದೂ ತಪಸ್ಸೇ. ಒಂದೇ ಪಾಠವನ್ನು ಹತ್ತನೆಯ ಬಾರಿ, ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗಾಗಿ ಬೇಸರವಿಲ್ಲದೆ ಹೇಳುವ ಅಧ್ಯಾಪಕಿಯ ಶ್ರಮ ಸಾಮಾನ್ಯವಾದುದಲ್ಲ. ಉಪವಾಸದಲ್ಲಿ ಹಸಿವನ್ನು ಗೆಲ್ಲಬೇಕು. ಇಲ್ಲಿ ಕೋಪವನ್ನೂ ನಿರಾಶೆಯನ್ನೂ ಗೆಲ್ಲಬೇಕು.

ಈ ತಪಸ್ಸಿಗೆ ಎದುರಾಗುವ ಶತ್ರುಗಳನ್ನೂ ಅದೇ ಗ್ರಂಥ ಹೆಸರಿಸಿದೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾದ ಆರು ದೋಷಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಮಾತ್ಸರ್ಯ: ಯೋಗ್ಯನಾದ ಶಿಷ್ಯನು ಮುಂದಿದ್ದರೂ, ಇವನು ಕಲಿತರೆ ನನ್ನನ್ನು ಮೀರಿಸಿಯಾನೆಂದು ವಿದ್ಯೆಯನ್ನು ಬಚ್ಚಿಡುವುದು. ಎರಡನೆಯದು ನಿಹ್ನವ: ಬಲ್ಲದ್ದನ್ನು ಬಲ್ಲೆನೆಂದು ಹೇಳದಿರುವುದು, ಕಲಿಸಿದ ಗುರುವಿನ ಹೆಸರನ್ನು ಮರೆಮಾಚುವುದು. ಒಂದು ಕಲಿಸುವವನ ಲೋಭ, ಇನ್ನೊಂದು ಕಲಿತವನ ಅಹಂಕಾರ. ಎರಡರ ಫಲವೂ ಒಂದೇ. ಆತ್ಮದ ಜ್ಞಾನಗುಣಕ್ಕೆ ಮುಸುಕು ಬೀಳುತ್ತದೆ. ವಿದ್ಯೆಯನ್ನು ಬಚ್ಚಿಟ್ಟವನು ಶಿಷ್ಯನನ್ನು ವಂಚಿಸಿದೆನೆಂದು ಭಾವಿಸಬಹುದು, ಆದರೆ ಕತ್ತಲೆ ಕವಿಯುವುದು ಅವನ ಒಳಗೇ.

ಕನ್ನಡದ ಹಿರಿಯ ಜೈನಕವಿಗಳು ಈ ಎರಡನೆಯ ದೋಷದಿಂದ ದೂರವಿದ್ದರು. ಆದಿಕವಿ ಪಂಪನು ದೇವೇಂದ್ರಮುನಿಗಳನ್ನು ತನ್ನ ಗುರುವೆಂದು ಸ್ಮರಿಸಿದ್ದಾನೆ. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನು ಅಜಿತಸೇನಾಚಾರ್ಯರನ್ನು ಮರೆಯಲಿಲ್ಲ. ರಾಜರಿಂದ ಬಿರುದು ಪಡೆದ ಮೇಲೂ ತಾವು ಯಾರ ಮುಂದೆ ಕುಳಿತು ಕಲಿತೆವೆಂಬುದನ್ನು ಇವರು ಹೇಳಿಕೊಂಡರು.

ಇನ್ನು ಕಲಿಸುವವನಿಗೆ ದೊರೆಯುವ ಪ್ರತಿಫಲವೇನು? ‘ಷಟ್‌ಖಂಡಾಗಮ’ಕ್ಕೆ ‘ಧವಲಾ’ ಟೀಕೆಯನ್ನು 816ರಲ್ಲಿ ಪೂರ್ಣಗೊಳಿಸಿದ ವೀರಸೇನಾಚಾರ್ಯರು, ‘ಕಷಾಯಪಾಹುಡ’ಕ್ಕೆ ‘ಜಯಧವಲಾ’ ಟೀಕೆಯನ್ನು ಆರಂಭಿಸಿ 20,000 ಶ್ಲೋಕ ಪ್ರಮಾಣದಷ್ಟು ಬರೆದು ದಿವಂಗತರಾದರು. ಅವರ ಶಿಷ್ಯ ಜಿನಸೇನರು ಇನ್ನೂ 40,000 ಶ್ಲೋಕ ಪ್ರಮಾಣವನ್ನು ಸೇರಿಸಿ 837ರಲ್ಲಿ ಅದನ್ನು ಮುಗಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಗೌರವಕ್ಕೆ ಪಾತ್ರರಾದ ಇದೇ ಜಿನಸೇನರು ‘ಮಹಾಪುರಾಣ’ವನ್ನು ಕೈಗೊಂಡು ನಡುವೆಯೇ ಅಗಲಿದಾಗ, ಅವರ ಶಿಷ್ಯ ಗುಣಭದ್ರರು ಅದನ್ನು ಪೂರೈಸಿದರು. ಗುರು ನಿಲ್ಲಿಸಿದ ಸ್ಥಳದಿಂದ ಶಿಷ್ಯನು ಲೇಖನಿಯನ್ನು ಎತ್ತಿಕೊಂಡದ್ದು ಹೀಗೆ ಎರಡು ತಲೆಮಾರು ನಡೆಯಿತು. ಇದಕ್ಕಿಂತ ಹಿರಿದಾದ ಗುರುದಕ್ಷಿಣೆ ಯಾವುದು?

ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ನಂತರವೂ 66 ದಿನಗಳವರೆಗೆ ದಿವ್ಯಧ್ವನಿ ಹೊರಹೊಮ್ಮಲಿಲ್ಲ, ಇಂದ್ರಭೂತಿ ಗೌತಮರು ಸಮವಸರಣಕ್ಕೆ ಬಂದ ಮೇಲೆಯೇ ಉಪದೇಶ ಆರಂಭವಾಯಿತು ಎಂಬುದು ದಿಗಂಬರ ಪರಂಪರೆಯ ನಂಬಿಕೆ. ಗ್ರಹಿಸಬಲ್ಲವನು ಬರುವವರೆಗೆ ಸರ್ವಜ್ಞನ ವಾಣಿಯೂ ಕಾದಿತು. ತರಗತಿಯಲ್ಲಿ ತಿಂಗಳುಗಟ್ಟಲೆ ಮಾತಾಡಿಯೂ ಯಾರಿಗೂ ತಲುಪುತ್ತಿಲ್ಲವೇನೋ ಎಂದು ಕೊರಗುವ ಶಿಕ್ಷಕರಿಗೆ ಇದು ಸಮಾಧಾನದ ಮಾತು. ಒಂದು ದಿನ ಒಂದು ಮಗುವಿನ ಕಣ್ಣಿನಲ್ಲಿ ಅರಿವು ಮೂಡುತ್ತದೆ. ಅದರೊಡನೆ ಅಷ್ಟು ದಿನಗಳ ಶ್ರಮಕ್ಕೂ ಅರ್ಥ ಬರುತ್ತದೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗಧರ್ಮವನ್ನು ಸ್ಮರಿಸುತ್ತೇವೆ. ಎಲ್ಲವನ್ನೂ ತೊರೆದ ಮುನಿ ಇನ್ನೇನನ್ನು ತ್ಯಾಗ ಮಾಡಬೇಕು? ಸಂಯಮಿಗಳಿಗೆ ಯೋಗ್ಯವಾದ ಜ್ಞಾನಾದಿಗಳನ್ನು ಕೊಡುವುದೇ ತ್ಯಾಗವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ತಿಳಿಸಿದ್ದಾರೆ. ಏನೂ ಇಲ್ಲದವನ ಬಳಿಯೂ ಕೊಡಲು ಉಳಿಯುವ ವಸ್ತು ಜ್ಞಾನವೊಂದೇ. ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಸ್ತೋತ್ರ ಕಲಿಸುವ ಹಿರಿಯರು, ಹಳ್ಳಿಯ ಶಾಲೆಯ ಮೇಷ್ಟ್ರು, ಮೊದಲ ಬಾರಿಗೆ ಣಮೋಕಾರವನ್ನು ನಮ್ಮ ಬಾಯಲ್ಲಿ ನುಡಿಸಿದ ತಾಯಿ ಎಲ್ಲರೂ ಈ ತ್ಯಾಗದಲ್ಲಿ ಪಾಲುಗೊಂಡವರು.

ಹಾಗಾದರೆ ನಮ್ಮ ಕರ್ತವ್ಯವೇನು? ಹಾರ, ಶಾಲುಗಳ ಸನ್ಮಾನ ಒಳ್ಳೆಯದೇ. ಆದರೆ ಅದು ಒಂದು ದಿನದ್ದು. ಕಲಿಸಿದವರ ಹೆಸರನ್ನು ನಾಲ್ವರ ಮುಂದೆ ಸಂಕೋಚವಿಲ್ಲದೆ ಹೇಳೋಣ. ಅವರು ಬದುಕಿದ್ದರೆ ಒಮ್ಮೆ ಹೋಗಿ ಕಂಡು ಬರೋಣ. ಕಲಿತದ್ದನ್ನು ಇನ್ನೊಬ್ಬರಿಗೆ ಬಚ್ಚಿಡದೆ ಕಲಿಸೋಣ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳ ಮೇಲೆ ‘ಷಟ್‌ಖಂಡಾಗಮ’ ಮತ್ತು ‘ಧವಲಾ’ ಟೀಕೆ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಅವು 1939ರಿಂದ ಮುದ್ರಣಗೊಂಡು ಲೋಕಕ್ಕೆ ದೊರೆತವು. ಗಿರನಾರಿನ ಗುಹೆಯಲ್ಲಿ ಒಬ್ಬ ವೃದ್ಧ ಗುರುವಿಗೆ ಇದ್ದ ಚಿಂತೆ ನಮ್ಮ ನಾಡಿನ ಗರಿಗಳಲ್ಲಿ ಶಾಂತವಾಯಿತು. ಮುಂದಿನ ಶ್ರುತಪಂಚಮಿಯಂದು ಗ್ರಂಥಕ್ಕೆ ಕೈಮುಗಿಯುವಾಗ, ಅದನ್ನು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಸಿದ ಹೆಸರಿಲ್ಲದ ಗುರುಗಳಿಗೂ ಅದೇ ವಂದನೆ ಸಲ್ಲಲಿ.