ಸಾಲ್ಮನ್ ಮರಿಯನ್ನು ಕಡಲಿಗೆ ಸಿದ್ಧಗೊಳಿಸುವ ಹಗಲು

ಬೆಳಗಾವಿಯ ಕ್ಯಾಂಪಿನಲ್ಲಿ ಮೀನು ಕೊಳ್ಳುವವರಿಗೆ ರಾವಸ ಚೆನ್ನಾಗಿ ಗೊತ್ತು. ಹೋಟೆಲಿನ ಮೆನುವಿನಲ್ಲಿ ಅದೇ ‘ಇಂಡಿಯನ್ ಸಾಲ್ಮನ್’ ಆಗುತ್ತದೆ. ಹಾಗಾಗಿ ಎರಡೂ ಒಂದೇ ಕುಲದವೆಂದು ನಂಬಿದವರು ಬಹಳ. ಅದು ತಪ್ಪು. ರಾವಸ ನಮ್ಮ ಬೆಚ್ಚಗಿನ ಕರಾವಳಿಯ, ಅಳಿವೆಗಳ ಮೀನು. ಅಟ್ಲಾಂಟಿಕ್ ಸಾಲ್ಮನ್ ಹುಟ್ಟುವುದು ಉತ್ತರ ದೇಶಗಳ ತಣ್ಣನೆಯ ಹೊಳೆಗಳಲ್ಲಿ. ಕೆಲವು ವರ್ಷ ಸಿಹಿನೀರಿನಲ್ಲಿ ಬೆಳೆದ ಮೇಲೆ ಅದು ಕಡಲಿಗಿಳಿಯುತ್ತದೆ.

ಮೈ ಬೆಳೆದರೆ ಸಾಕು, ಉಪ್ಪುನೀರು ತಾನಾಗಿ ಒಗ್ಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ನಮ್ಮ ಕೆರೆಗಳ ಕಾಟ್ಲಾ, ರೋಹು ಎಷ್ಟೇ ದಪ್ಪವಾದರೂ ಕಡಲಿನಲ್ಲಿ ಬದುಕಲಾರವು. ಹೊಳೆಯಲ್ಲಿರುವ ಮೀನಿನ ಮೈಯಿಂದ ಉಪ್ಪು ಸೋರುತ್ತದೆ, ಕಿವಿರುಗಳು ಅದನ್ನು ನೀರಿನಿಂದ ಹೀರಿಕೊಳ್ಳುತ್ತಿರಬೇಕು. ಕಡಲಿನಲ್ಲಿ ಎಲ್ಲವೂ ತಿರುವುಮುರುವು: ಮೈಯ ನೀರು ಹೊರಹೋಗುತ್ತದೆ, ಮೀನು ಉಪ್ಪುನೀರನ್ನೇ ಕುಡಿಯಬೇಕು, ಹೆಚ್ಚಿನ ಉಪ್ಪನ್ನು ಕಿವಿರುಗಳೇ ಹೊರಹಾಕಬೇಕು. ಸಾಲ್ಮನ್ ಮರಿ ಈ ಬದಲಾವಣೆಯನ್ನು ಹೊಳೆಯಲ್ಲಿರುವಾಗಲೇ ಮುಗಿಸಿಕೊಳ್ಳುತ್ತದೆ. ಮೈಮೇಲಿನ ಕಪ್ಪು ಪಟ್ಟೆಗಳು ಮಾಯವಾಗಿ ಬೆಳ್ಳಿಯ ಹೊಳಪು ಬರುವುದೂ ಆಗಲೇ.

ಇದಕ್ಕೆ ಮುಹೂರ್ತ ಇಡುವುದು ಯಾವುದು? ನೀರಿನ ಬಿಸಿ ಎನ್ನುವುದು ಅರ್ಧ ಸತ್ಯ. ಬಿಸಿ ಬದಲಾವಣೆಯ ವೇಗವನ್ನು ಹೆಚ್ಚುಕಡಿಮೆ ಮಾಡುತ್ತದೆ, ಆದರೆ ಕಾಲವನ್ನು ತಿಳಿಸುವುದು ಹಗಲಿನ ಉದ್ದ. ಕೆನಡಾದ ವಿಜ್ಞಾನಿಗಳಾದ ಸಾಂಡರ್ಸ್ ಮತ್ತು ಹೆಂಡರ್ಸನ್ 1970ರಲ್ಲೇ ಇದರ ಪ್ರಭಾವದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು. ಮೀನಿನ ಕಣ್ಣು ಮಾತ್ರವಲ್ಲ, ತಲೆಬುರುಡೆಯಡಿಯ ಪೀನಿಯಲ್ ಗ್ರಂಥಿಯೂ ಬೆಳಕನ್ನು ನೇರವಾಗಿ ಗ್ರಹಿಸುತ್ತದೆ. ಮುಂದಿನ ಕೆಲಸ ಹಾರ್ಮೋನುಗಳದು.

ಬೆಳಗಾವಿ, ಖಾನಾಪುರದ ಕಡೆ ಈ ಮಾತು ವಿಚಿತ್ರವೆನಿಸಬಹುದು. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಎರಡು ಗಂಟೆಗಿಂತ ಕಡಿಮೆ. ನಾರ್ವೆಯ ಬರ್ಗನ್‌ನಲ್ಲಾದರೆ ಡಿಸೆಂಬರಿನ ಹಗಲು ಆರು ಗಂಟೆಯೂ ಇರದು, ಜೂನಿನಲ್ಲಿ ಅದು ಸುಮಾರು 19 ಗಂಟೆಗೆ ಏರುತ್ತದೆ.

ಹಾಗಿದ್ದರೆ ಮೊದಲಿನಿಂದಲೂ ದೀಪ ಉರಿಸಿಟ್ಟರೆ ಮರಿಗಳು ಬೇಗ ಸಿದ್ಧವಾಗುವುದಿಲ್ಲವೇ? ಇಲ್ಲ. ಚಿಕ್ಕ ಹಗಲುಗಳನ್ನು ಕಂಡ ಮೇಲೆಯೇ ಉದ್ದದ ಹಗಲು ವಸಂತದ ಸಂಕೇತವಾಗುವುದು. ಆದ್ದರಿಂದಲೇ ಸಾಕಣೆ ಕೇಂದ್ರಗಳಲ್ಲಿ ಸುಮಾರು ಆರು ವಾರ ದಿನಕ್ಕೆ 12 ಗಂಟೆಯಷ್ಟೇ ಬೆಳಕು ಕೊಟ್ಟು ಚಳಿಗಾಲವನ್ನು ಸೃಷ್ಟಿಸುತ್ತಾರೆ. ಅದಾದ ಮೇಲೆ 24 ಗಂಟೆಯೂ ದೀಪ.

ಒಮ್ಮೆ ಸಿದ್ಧವಾದ ಮರಿ ಸದಾ ಸಿದ್ಧವೇ ಎನ್ನುವುದೂ ಸುಳ್ಳು. ಆ ಶಕ್ತಿ ಕೆಲವು ವಾರಗಳಷ್ಟೇ ಉಳಿಯುತ್ತದೆ, ನೀರು ಬೆಚ್ಚಗಿದ್ದರೆ ಇನ್ನೂ ಬೇಗ ಕುಂದುತ್ತದೆ. ಅಣೆಕಟ್ಟು ತಡೆದು ನಿಲ್ಲಿಸಿದ ಮರಿ ತಡವಾಗಿ ಕಡಲು ಸೇರಿದರೆ, ಉಪ್ಪನ್ನು ಹೊರಹಾಕಲಾಗದೆ ಸಾಯುವ ಸಂಭವ ಹೆಚ್ಚು.