ಕಾರ್ಡಿನ ಬೇಸ್‌ಬಾಲ್: ಚಳಿಗಾಲದಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು?

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಋತು ವಸಂತದಲ್ಲಿ ಆರಂಭವಾಗಿ, ಶರತ್ಕಾಲದ ವರ್ಲ್ಡ್ ಸೀರೀಸ್‌ನೊಂದಿಗೆ ಮುಗಿಯುತ್ತದೆ. ಮೈದಾನಗಳು ಬರಿದಾದ ಬಳಿಕ ಅಲ್ಲಿನ ಅನೇಕ ಅಭಿಮಾನಿಗಳಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ನಿಜವಾದ ಆಟಗಾರರ ಅಂಕಿಅಂಶಗಳಿಂದ ಕಟ್ಟಿದ ತಮ್ಮ ಕಾಲ್ಪನಿಕ ತಂಡದಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು ಎಂಬ ಲೆಕ್ಕಾಚಾರ ಅದು. ಹರಾಜಿಗೆ ಮುನ್ನ ಐಪಿಎಲ್ ತಂಡಗಳು ಆಟಗಾರರನ್ನು ಉಳಿಸಿಕೊಳ್ಳುವ ಕ್ರಮವನ್ನು ಬಲ್ಲವರಿಗೆ ಇದರ ಸ್ವರೂಪ ಅಪರಿಚಿತವಲ್ಲ.

ಎರಡು ಬಗೆಯ ಆಟ: 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಆರಂಭಿಸಿದ 'ರೋಟಿಸರಿ' ಲೀಗಿನಿಂದ ಇಂದಿನ ಫ್ಯಾಂಟಸಿ ಆಟ ಬೆಳೆಯಿತು. ಅದರಲ್ಲಿ ಪ್ರಸಕ್ತ ಋತುವಿನ ನಿಜವಾದ ಸಾಧನೆಯೇ ಅಂಕವಾಗುತ್ತದೆ. ಅಣಕು ಪಂದ್ಯಗಳ ಆಟ ಇದಕ್ಕಿಂತ ಹಳೆಯದು. 1951ರಲ್ಲಿ ಎಪಿಬಿಎ, 1961ರಲ್ಲಿ ಹಾಲ್ ರಿಚ್‌ಮನ್ ರೂಪಿಸಿದ ಸ್ಟ್ರಾಟ್-ಒ-ಮ್ಯಾಟಿಕ್ ಮಾರುಕಟ್ಟೆಗೆ ಬಂದವು.

ಸ್ಟ್ರಾಟ್-ಒ-ಮ್ಯಾಟಿಕ್‌ನಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡ್ ಇರುತ್ತದೆ. ಮೊದಲ ದಾಳದಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ, 4ರಿಂದ 6 ಬಿದ್ದರೆ ಚೆಂಡೆಸೆಯುವ ಪಿಚರ್‌ನ ಕಾರ್ಡನ್ನೂ ನೋಡಬೇಕು. ಉಳಿದೆರಡು ದಾಳಗಳ ಮೊತ್ತ ಫಲಿತಾಂಶದ ಸಾಲನ್ನು ಸೂಚಿಸುತ್ತದೆ. ಈಗ ಇದೇ ಆಟ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಮೊದಲೇ ತಿಳಿದ ವರ್ಷ: ಇಲ್ಲಿಯೇ ತೀರ್ಮಾನದ ಮರ್ಮ ಅಡಗಿದೆ. ಕಾರ್ಡುಗಳು ಸಿದ್ಧವಾಗುವುದು ಮುಗಿದುಹೋದ ಋತುವಿನ ಅಂಕಿಅಂಶಗಳಿಂದ. ಹೀಗಾಗಿ ಹೊಸ ಕಾರ್ಡುಗಳಿಂದ ಆಡುವ ಲೀಗುಗಳಲ್ಲಿ ಬರುವ ವರ್ಷ ಯಾರ ಬಲವೆಷ್ಟು ಎಂಬುದು ಚಳಿಗಾಲದಲ್ಲೇ ತಿಳಿದಿರುತ್ತದೆ. ತಿಳಿಯದಿರುವುದು ಅದರ ನಂತರದ ವರ್ಷ ಮಾತ್ರ. ಮಾಲೀಕ ಪಣ ಒಡ್ಡುವುದು ಅದರ ಮೇಲೆಯೇ.

ಡಾಡ್ಜರ್ಸ್ ತಂಡದ ಪಿಚರ್ ಸ್ಯಾಂಡಿ ಕೂಫ್ಯಾಕ್ಸ್ 1966ರಲ್ಲಿ 27 ಪಂದ್ಯಗಳನ್ನು ಗೆದ್ದರು. ಮೊಣಕೈ ನೋವಿನಿಂದಾಗಿ ಅದೇ ನವೆಂಬರ್‌ನಲ್ಲಿ, 30ರ ವಯಸ್ಸಿಗೇ ನಿವೃತ್ತರಾದರು. ಇಂಥ ಲೀಗಿನ ಲೆಕ್ಕದಲ್ಲಿ ಅವರು 1967ರಲ್ಲಿ ಅಪ್ರತಿಮ ಪಿಚರ್. 1968ಕ್ಕೆ ಅವರ ಕಾರ್ಡೇ ಇಲ್ಲ.

ಶೊಹೆಯಿ ಒಟಾನಿ ಅವರದು ಇನ್ನೂ ತೊಡಕಿನ ಉದಾಹರಣೆ. 2023ರಲ್ಲಿ 44 ಹೋಮ್ ರನ್ ಹೊಡೆದು, ಪಿಚರ್ ಆಗಿಯೂ 10 ಪಂದ್ಯ ಗೆದ್ದ ಅವರು ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. 2024ರಲ್ಲಿ ಅವರು ಚೆಂಡೆಸೆಯಲೇ ಇಲ್ಲ. ಆದರೆ ಬ್ಯಾಟರ್ ಆಗಿ 54 ಹೋಮ್ ರನ್ ಹೊಡೆದರು. ಅಂದರೆ ಅವರನ್ನು ಉಳಿಸಿಕೊಂಡ ಮಾಲೀಕನಿಗೆ 2024ರ ಲೀಗಿನಲ್ಲಿ ಎರಡೂ ಪಾತ್ರಗಳು ದೊರೆತವು. ಪಿಚರ್‌ನ ಕೊರತೆ ಕಾಡಿದ್ದು 2025ರಲ್ಲಿ. ಗಾಯದ ಬೆಲೆ ಇಲ್ಲಿ ಒಂದು ವರ್ಷ ತಡವಾಗಿ ತೆರಬೇಕಾಗುತ್ತದೆ. ಬದಲಿ ಪಿಚರ್ ಹುಡುಕಲು ಆ ವರ್ಷವೇ ಸಿಗುವ ಕಾಲಾವಕಾಶ.

ತಾಳ್ಮೆಯ ಲೆಕ್ಕ: ರೊನಾಲ್ಡ್ ಅಕುನ್ಯಾ 2023ರಲ್ಲಿ 41 ಹೋಮ್ ರನ್‌ಗಳ ಜೊತೆಗೆ 73 ಬೇಸ್ ಕದ್ದಿದ್ದರು. 2024ರ ಮೇ ತಿಂಗಳಲ್ಲಿ ಮಂಡಿಯ ಗಾಯದಿಂದ ಅವರ ಋತು 49 ಪಂದ್ಯಗಳಿಗೇ ಕೊನೆಗೊಂಡಿತು. ಆ ಚಳಿಗಾಲದಲ್ಲಿ ಅವರ ಕಾರ್ಡ್ ನಿರುಪಯುಕ್ತವೆಂದು ಬಿಟ್ಟವರಿಗೆ ನಷ್ಟವಾಯಿತು. 2025ರಲ್ಲಿ ಮರಳಿದ ಅವರು 21 ಹೋಮ್ ರನ್ ಹೊಡೆದರು. ದುರ್ಬಲ ಕಾರ್ಡಿನ ಹಿಂದೆ ಗಾಯವಿದೆಯೋ, ವಯಸ್ಸಿದೆಯೋ ಎಂದು ವಿವೇಚಿಸಬೇಕು. ಗಾಯ ಮಾಯಬಹುದು, ವಯಸ್ಸು ಹಿಂತಿರುಗದು.

ಕಾರ್ಡಿನ ಹೊಳಪನ್ನಷ್ಟೇ ನಂಬುವಂತೆಯೂ ಇಲ್ಲ. ನಿಜ ಜೀವನದಲ್ಲಿ ಆಡಿದಷ್ಟೇ ಆಡಿಸಬೇಕೆಂಬ ಮಿತಿ ಅನೇಕ ಲೀಗುಗಳಲ್ಲಿದೆ. ನೂರು ಬಾರಿ ಮಾತ್ರ ಬ್ಯಾಟ್ ಹಿಡಿದವನ ಅದ್ಭುತ ಕಾರ್ಡ್ ಇಡೀ ಋತುವಿಗೆ ಸಾಲದು. ಒಟಾನಿ 2025ರಲ್ಲಿ ಮತ್ತೆ ಚೆಂಡೆಸೆದರೂ ಅದು 47 ಇನ್ನಿಂಗ್ಸ್‌ಗಳಿಗೆ ಸೀಮಿತವಾಗಿತ್ತು. ಶಾರ್ಟ್‌ಸ್ಟಾಪ್, ಕ್ಯಾಚರ್ ಮುಂತಾದ ಸ್ಥಾನಗಳಲ್ಲಿ ಕ್ಷೇತ್ರರಕ್ಷಣೆಗೂ ಅಂಕವಿದೆ. ಬ್ಯಾಟಿಂಗ್ ಸಾಧಾರಣವಾದರೂ ಆ ಕಾರಣಕ್ಕೇ ಉಳಿಯುವ ಆಟಗಾರರುಂಟು.

ತಂಡದ ಸ್ಥಿತಿಯೇ ಮಾನದಂಡ: ಕೊನೆಗೆ ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವರ್ಷ ಪ್ರಶಸ್ತಿ ಗೆಲ್ಲುವ ಬಲ ನನ್ನ ತಂಡಕ್ಕಿದೆಯೇ? ಇದ್ದರೆ ನಿವೃತ್ತಿಯಂಚಿನ ಹಿರಿಯನ ಒಂದೇ ಒಂದು ಒಳ್ಳೆಯ ಕಾರ್ಡಿಗೂ ಬೆಲೆಯುಂಟು. ಇಲ್ಲದಿದ್ದರೆ ಆ ಕಾರ್ಡಿಗೆ ಬೆಲೆಯಿರುವಾಗಲೇ ಅದನ್ನು ಗೆಲ್ಲಬಲ್ಲ ತಂಡಕ್ಕೆ ಕೊಟ್ಟು, ಬದಲಿಗೆ ಎಳೆಯ ಆಟಗಾರನನ್ನು ಪಡೆಯುವುದು ಲೇಸು. ಎರಡಕ್ಕೂ ಮನಸ್ಸು ಮಾಡದ ಮಾಲೀಕ ಹಿರಿಯರನ್ನೂ ಕಳೆದುಕೊಂಡು, ಕಿರಿಯರನ್ನೂ ಬೆಳೆಸದೆ, ವರ್ಷವರ್ಷವೂ ಪಟ್ಟಿಯ ನಡುವೆಯೇ ಉಳಿದುಬಿಡುತ್ತಾನೆ.