ಕಾರಿನ ಬಾಗಿಲ ಒಳಹಲಗೆಯನ್ನು ಮುರಿಯದೆ ಬಿಚ್ಚುವುದು ಹೇಗೆ?

ಬೇಸಗೆಯ ಬಿಸಿಲು ಬಲಿತಿತೆಂದರೆ ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆಯಲ್ಲಿ ನೆಲವು ಬಾಯಿಬಿಡುತ್ತದೆ. ಬಂಡಿ, ಟ್ರ್ಯಾಕ್ಟರು, ಮೋಟಾರುಗಳು ಓಡಾಡಿದಂತೆಲ್ಲ ಹಾದಿಯ ಮಣ್ಣು ನುಣ್ಣನೆಯ ಹುಡಿಯಾಗಿ ಮೇಲೇಳುತ್ತದೆ. ಈ ಹುಡಿಯು ಕಿಟಕಿಯ ಗಾಜಿನ ಮಗ್ಗುಲಿನಿಂದ ಕಾರಿನ ಬಾಗಿಲ ಹೊಟ್ಟೆಯೊಳಕ್ಕೂ ಇಳಿಯುತ್ತದೆ. ಮುಂದೆ ಮಳೆ ಹಿಡಿದಾಗ ಗಾಜನ್ನು ಏರಿಸಹೋದರೆ ಅದು ಅರ್ಧಕ್ಕೇ ನಿಲ್ಲುವುದುಂಟು; ಬಾಗಿಲನ್ನು ತೆರೆದು ಮುಚ್ಚಿದರೆ ಒಳಗೆ ನೀರು ತುಳುಕುವ ಸಪ್ಪಳವೂ ಕೇಳಬಹುದು. ದೋಷವನ್ನು ಕಾಣಬೇಕಾದರೆ ಬಾಗಿಲ ಒಳಹಲಗೆಯನ್ನು ತೆಗೆಯಬೇಕು. ಅವಸರದ ಕೈ ಆಗ ತಿರುಪುಳಿಯನ್ನು ಸಂದಿಗೆ ತೂರಿಸಿ ಮೀಟುತ್ತದೆ, ಹಲಗೆ ಸೀಳುತ್ತದೆ. ಹಳೆಯ ಮಾದರಿಯ ಗಾಡಿಗಾದರೆ ಹೊಸ ಹಲಗೆಯನ್ನು ಹುಡುಕಿಕೊಂಡು ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಬೇಕಾಗುತ್ತದೆ. ಸನ್ನೆಯ ನಿಯಮವನ್ನು ಓದಿದ ವಿದ್ಯಾರ್ಥಿಗೆ ಈ ನಷ್ಟವನ್ನು ತಪ್ಪಿಸುವುದು ಕಷ್ಟವಲ್ಲ. ಹೇಗೆಂಬುದನ್ನು ನೋಡೋಣ.

ಮೊದಲು ಹಲಗೆಯು ನಿಂತಿರುವ ಬಗೆಯನ್ನು ತಿಳಿಯಬೇಕು. ಅಂಬಾಸಿಡರ್ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ ರೆಕ್ಸಿನ್ ಹೊದಿಸಿದ ರಟ್ಟಿನಂಥ ಹಲಗೆಯನ್ನು ಉಕ್ಕಿನ ಸ್ಪ್ರಿಂಗುಗಳು ಹಿಡಿದಿರುತ್ತಿದ್ದವು. ಈಗಿನ ಹಲಗೆಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಇಟಲಿಯ ರಸಾಯನಶಾಸ್ತ್ರಜ್ಞ ಜೂಲಿಯೊ ನಟ್ಟಾ ಇದರ ಗಟ್ಟಿಯಾದ ಸ್ಫಟಿಕರೂಪವನ್ನು 1954ರಲ್ಲಿ ಪಡೆದನು. 1963ರಲ್ಲಿ ಆತನಿಗೂ ಜರ್ಮನಿಯ ಕಾರ್ಲ್ ಝೀಗ್ಲರನಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಹಲಗೆಯನ್ನು ಹಿಡಿದಿರುವ ಕ್ಲಿಪ್ಪುಗಳು ಅನೇಕ ವೇಳೆ ನೈಲಾನಿನವು. ನೈಲಾನನ್ನು 1935ರಲ್ಲಿ ಅಮೆರಿಕದ ವ್ಯಾಲೇಸ್ ಕೆರೋಥರ್ಸ್ ತಯಾರಿಸಿದನು.

ಗೋಧಿಯ ತೆನೆಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡ ಹುಡುಗರಿಗೆ ಒಂದು ಸಂಗತಿ ಗೊತ್ತು. ತೆನೆಯು ಮೇಲಕ್ಕೆ ತಾನಾಗಿಯೇ ಸರಿಯುತ್ತದೆ. ಕೆಳಕ್ಕೆ ಎಳೆದರೆ ಅದರ ಮೀಸೆಗಳು ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ. ಕ್ಲಿಪ್ಪಿನ ರಚನೆಯೂ ಅಂಥದೇ. ಬಾಗಿಲ ತಗಡಿನ ರಂಧ್ರಕ್ಕೆ ಅದನ್ನು ಒತ್ತಿದಾಗ ಅದರ ರೆಕ್ಕೆಗಳು ಮಡಚಿಕೊಂಡು ಒಳಗೆ ಹೋಗಿ, ಆಚೆಯ ಬದಿಯಲ್ಲಿ ಅರಳಿ ನಿಲ್ಲುತ್ತವೆ. ಎಳೆದು ತೆಗೆಯುವಾಗ ಈ ರೆಕ್ಕೆಗಳು ಪುನಃ ಮಡಚಿಕೊಳ್ಳಬೇಕು. ತಮ್ಮ ಸ್ಥಿತಿಸ್ಥಾಪಕತ್ವದ ಮಿತಿಯೊಳಗೆ ಬಾಗಿದರೆ ಅವು ಉಳಿಯುತ್ತವೆ, ಮೀರಿದರೆ ಮುರಿಯುತ್ತವೆ. ಕ್ಲಿಪ್ಪು ಮುರಿದರೆ ನಷ್ಟ ಅಲ್ಪ. ಕ್ಲಿಪ್ಪಿನ ತಲೆಯನ್ನು ಹಿಡಿದಿರುವ, ಹಲಗೆಯ ಬೆನ್ನಿಗೆ ಅಂಟಿದ ಗೂಡು ಮುರಿದರೆ ಹಲಗೆಯೇ ಕೆಟ್ಟಂತೆ.

ಈಗ ಸನ್ನೆಯ ಲೆಕ್ಕವನ್ನು ಮಾಡೋಣ. ತಿರುಪುಳಿಯ ಆಧಾರಬಿಂದುವಿನಿಂದ ತುದಿಗೆ 2 ಸೆಂ.ಮೀ., ನಮ್ಮ ಕೈಗೆ 20 ಸೆಂ.ಮೀ. ದೂರವಿದೆಯೆಂದು ಭಾವಿಸಿರಿ. ಕೈ 2 ಕಿಲೋಗ್ರಾಂ ಭಾರದಷ್ಟು ಒತ್ತಿದರೆ ತುದಿಯಲ್ಲಿ 20 ಕಿಲೋಗ್ರಾಂ ಬಲ ಹುಟ್ಟುತ್ತದೆ. ಆದರೆ ಆಧಾರಬಿಂದುವಿನ ಮೇಲೆ ಬೀಳುವುದು ಎರಡರ ಮೊತ್ತ, ಅಂದರೆ 22 ಕಿಲೋಗ್ರಾಂ. ಈ ಭಾರವನ್ನು ಹೊರುವುದು ಬಾಗಿಲ ಬಣ್ಣದ ತಗಡು. ತಿರುಪುಳಿಯು ಅದನ್ನು ಮುಟ್ಟುವ ಜಾಗ ಕಾಲು ಚದರ ಸೆಂ.ಮೀ. ಆದರೆ ಅಲ್ಲಿಯ ಒತ್ತಡ ಚದರ ಸೆಂ.ಮೀ.ಗೆ 88 ಕಿಲೋಗ್ರಾಂ ಆಯಿತು. ಅದೇ ಕೆಲಸಕ್ಕೆ 4 ಚದರ ಸೆಂ.ಮೀ. ಮುಟ್ಟುವ ಅಗಲ ಪಟ್ಟಿಯನ್ನು ಬಳಸಿದರೆ ಒತ್ತಡ ಐದೂವರೆ ಕಿಲೋಗ್ರಾಮಿಗೆ ಇಳಿಯುತ್ತದೆ. ಇದಲ್ಲದೆ, ಗಟ್ಟಿ ವಸ್ತುವು ಮೆದುವಾದುದನ್ನು ಗೀರುವುದೆಂಬ ನಿಯಮವಿದೆ. ಉಕ್ಕು ಪ್ಲಾಸ್ಟಿಕ್ಕನ್ನು ಗೀರುತ್ತದೆ. ಆದುದರಿಂದಲೇ ಕುಶಲಿಗಳು ಪ್ಲಾಸ್ಟಿಕ್ಕಿನ ಅಗಲವಾದ ಮೀಟುಪಟ್ಟಿಗಳನ್ನು ಉಪಯೋಗಿಸುತ್ತಾರೆ. ಅವು ಸಿಗದಿದ್ದರೆ ಬಿದಿರಿನ ಅಗಲವಾದ ಸೀಳನ್ನು ನುಣುಪಾಗಿ ಹೆರೆದು, ತುದಿಗೆ ಬಟ್ಟೆ ಸುತ್ತಿಕೊಂಡರೂ ನಡೆಯುತ್ತದೆ.

ಹವೆಯ ಪಾತ್ರವೂ ಇಲ್ಲಿ ಸಣ್ಣದಲ್ಲ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳು ಚಳಿಯಲ್ಲಿ ಸುಲಭವಾಗಿ ಜರುಗಲಾರವು. ಆಗ ವಸ್ತುವು ಬಾಗುವ ಬದಲು ಬಿರಿಯುತ್ತದೆ. ಡಿಸೆಂಬರದ ಮುಂಜಾವಿಗಿಂತ ಬಿಸಿಲೇರಿದ ಹೊತ್ತು ಈ ಕೆಲಸಕ್ಕೆ ಮೇಲು. ನೈಲಾನಿಗೆ ಇನ್ನೊಂದು ಗುಣವಿದೆ: ಅದು ಗಾಳಿಯ ತೇವವನ್ನು ತೂಕದಲ್ಲಿ ನೂರಕ್ಕೆ ಎರಡು ಮೂರು ಭಾಗದಷ್ಟು ಹೀರಿಕೊಳ್ಳುತ್ತದೆ. ನೀರಿನ ಅಣುಗಳು ಸರಪಳಿಗಳ ನಡುವೆ ಸೇರಿ ಅದನ್ನು ಬಳುಕುವಂತೆ ಮಾಡುತ್ತವೆ. ಒಣ ಬಿಸಿಲಿನಲ್ಲಿ ವರ್ಷಗಟ್ಟಲೆ ಕಾದ ಕ್ಲಿಪ್ಪಾದರೋ ತೇವವನ್ನೂ ಬಲವನ್ನೂ ಕಳೆದುಕೊಂಡು ಪೆಡಸಾಗಿರುತ್ತದೆ. ಹಳೆಯ ಗಾಡಿಯ ಕೆಲಸಕ್ಕೆ ತೊಡಗುವ ಮೊದಲು ಅದೇ ಅಳತೆಯ ಕೆಲವು ಹೊಸ ಕ್ಲಿಪ್ಪುಗಳನ್ನು ತಂದಿಟ್ಟುಕೊಳ್ಳುವುದು ಇದೇ ಕಾರಣಕ್ಕಾಗಿ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಎಚ್ಚರಿಕೆ. ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಗಾಳಿಚೀಲವಿರಬೇಕೆಂಬ ನಿಯಮ 2019ರ ಜುಲೈಯಿಂದ ಜಾರಿಗೆ ಬಂದಿದೆ. ಕೆಲವು ಗಾಡಿಗಳಲ್ಲಿ ಕಂಬಗಳ ಮೇಲಿನ ಹೊದಿಕೆಯ ಹಿಂದೆಯೂ, ಆಸನದ ಮಗ್ಗುಲಲ್ಲಿಯೂ ಇಂಥ ಚೀಲಗಳಿರುತ್ತವೆ. ಇವು ಉಬ್ಬುವುದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕಾಲದಲ್ಲಿ. ಎದುರಿಗೆ ಮುಖವೋ ಕೈಯೋ ಇದ್ದರೆ ಭಾರಿ ಗಾಯವಾದೀತು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದ ಮೇಲೂ ಇದರ ಮಂಡಲದಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಶೇಖರವಾಗಿರುತ್ತದೆ. ಆದುದರಿಂದ ತಂತಿಯನ್ನು ಬಿಚ್ಚಿ, ಗಾಡಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯತಕ್ಕದ್ದು. ‘ಏರ್‌ಬ್ಯಾಗ್’ ಅಥವಾ ‘ಎಸ್.ಆರ್.ಎಸ್.’ ಎಂಬ ಗುರುತಿರುವ ಭಾಗಗಳನ್ನು ತರಬೇತಿ ಪಡೆದವರಿಗೇ ಬಿಡತಕ್ಕದ್ದು.

ಮುಂದಿನ ಕ್ರಮ ಹೀಗೆ. ಮೊದಲು ತಿರುಪುಗಳನ್ನು ಹುಡುಕಿರಿ. ಬಾಗಿಲ ಎಳೆಗೈಯ ಕುಳಿಯಲ್ಲಿ, ಒಳಹಿಡಿಕೆಯ ಹಿಂದೆ, ಸಣ್ಣ ಮುಚ್ಚಳಗಳ ಕೆಳಗೆ ಅವು ಅಡಗಿರುತ್ತವೆ. ಹಲಗೆಗಳು ಸೀಳುವುದಕ್ಕೆ ಮರೆತುಬಿಟ್ಟ ಒಂದು ತಿರುಪೇ ಬಹಳ ಸಲ ಕಾರಣ. ಮಾರುತಿ 800ರಂಥ ಗಾಡಿಗಳಲ್ಲಿ ಗಾಜು ತಿರುವುವ ಹಿಡಿಯನ್ನು ಕುದುರೆಲಾಳದ ಆಕಾರದ ತಂತಿಯೊಂದು ಹಿಂದಿನಿಂದ ಹಿಡಿದಿರುತ್ತದೆ. ಹಿಡಿಯ ಹಿಂದೆ ಬಟ್ಟೆಯ ಪಟ್ಟಿಯನ್ನು ತೂರಿಸಿ, ಎರಡು ತುದಿಗಳನ್ನೂ ಹಿಡಿದು ಮಜ್ಜಿಗೆ ಕಡೆಯುವಂತೆ ಎಳೆದಾಡಿದರೆ, ತಂತಿಯು ಬಟ್ಟೆಗೆ ಸಿಕ್ಕಿ ಹೊರಬರುತ್ತದೆ. ಅದು ಹಾರಿಹೋಗದಂತೆ ಕೈಯನ್ನು ಅಡ್ಡವಿಡಿರಿ.

ಬಳಿಕ ಕೆಳಗಿನ ಮೂಲೆಯಲ್ಲಿ ಮೀಟುಪಟ್ಟಿಯನ್ನು ನಿಧಾನವಾಗಿ ತೂರಿಸಿ, ಮೊದಲ ಕ್ಲಿಪ್ಪು ಎಲ್ಲಿದೆಯೆಂದು ತಡವಿ ನೋಡಿರಿ. ಪಟ್ಟಿಯನ್ನು ಅದರ ಪಕ್ಕಕ್ಕೇ ಒಯ್ದು, ಹಲಗೆಯನ್ನು ತಗಡಿನಿಂದ ನೇರ ಹೊರಕ್ಕೆ ಎಳೆಯಿರಿ. ದೂರದಿಂದ ಎಳೆದರೆ ನಿಮ್ಮ ಬಲವು ಹಲಗೆಯನ್ನು ಬಾಗಿಸುವುದರಲ್ಲಿ ವ್ಯಯವಾಗಿ, ಕ್ಲಿಪ್ಪಿನ ಗೂಡನ್ನು ಓರೆಯಾಗಿ ತಿರುಚುತ್ತದೆ. ‘ಟಕ್’ ಎಂಬ ಸದ್ದಾದರೆ ಒಂದು ಬಿಟ್ಟಿತು. ಹೀಗೆ ಸುತ್ತ ಬಂದ ಮೇಲೂ ಹಲಗೆಯು ಗಾಜಿನ ಅಂಚಿಗೆ ಕೊಕ್ಕೆಯಂತೆ ತೂಗುತ್ತಿರುತ್ತದೆ. ಅದನ್ನು ಮೇಲಕ್ಕೆತ್ತಿ ಬಿಡಿಸಬೇಕು. ಆದರೆ ಒಮ್ಮೆಲೇ ಎಳೆದುಕೊಳ್ಳಬಾರದು. ಹಿಂದೆ ಅಗುಳಿಯ ಸರಿಗೆ, ವಿದ್ಯುತ್ ತಂತಿಗಳ ಜೋಡಣೆಗಳಿರಬಹುದು. ಜೋಡಣೆಯ ನಾಲಗೆಯನ್ನು ಒತ್ತಿ ಬಿಡಿಸಬೇಕೇ ಹೊರತು ತಂತಿಯನ್ನು ಹಿಡಿದು ಜಗ್ಗಬಾರದು. ಬಿಚ್ಚಿದ ಹಲಗೆಯನ್ನು ಹಳೆಯ ಜಮಖಾನದ ಮೇಲೆ ಮುಖಕೆಳಗಾಗಿ ಮಲಗಿಸಿರಿ.

ಒಳಗೆ ಕಾಣುವ ಪ್ಲಾಸ್ಟಿಕ್ಕಿನ ತೆಳುಹಾಳೆಯು ವ್ಯರ್ಥವಾದುದೆಂದು ತಿಳಿದು ಕಿತ್ತೊಗೆಯಬೇಡಿರಿ. ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲೊಳಗೆ ಬರುವುದು ಸಹಜವೇ. ಅದು ಗಾಡಿಯ ಒಳಕ್ಕೆ ಬಾರದಂತೆ ಈ ಹಾಳೆ ತಡೆಯುತ್ತದೆ, ಬುಡದ ಸಣ್ಣ ರಂಧ್ರಗಳು ನೀರನ್ನು ಹೊರಬಿಡುತ್ತವೆ. ನಮ್ಮ ಎರೆಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜಾತಿಯ ಜೇಡಿಯ ಕಣಗಳಿವೆ. ಬೇಸಗೆಯಲ್ಲಿ ಹುಡಿಯಾಗಿ ಸೇರಿದ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬಿರಡೆಯಂತೆ ಈ ರಂಧ್ರಗಳನ್ನು ಮುಚ್ಚುತ್ತದೆ. ಬಾಗಿಲಲ್ಲಿ ನೀರು ತುಳುಕಿದ್ದು ಇದರಿಂದ; ನಿಂತ ನೀರು ತಗಡಿಗೆ ತುಕ್ಕು ಹಿಡಿಸುತ್ತದೆ. ಮಳೆ ಹೆಚ್ಚಾದ ಕಲಘಟಗಿಯ ಕಡೆಯ ಗಾಡಿಗಳಿಗೂ ಈ ರಂಧ್ರಗಳ ಶುಚಿ ಅಷ್ಟೇ ಅವಶ್ಯ. ಬೇಲಿಯ ಕಡ್ಡಿಯೊಂದರಿಂದ ಅವನ್ನು ಬಿಡಿಸಿ, ಗಾಜಿನ ಜಾಡಿನ ಹುಡಿಯನ್ನು ಒರೆಸಿದರೆ, ಅನೇಕ ವೇಳೆ ಬೇರೆ ರಿಪೇರಿಯೇ ಬೇಕಾಗುವುದಿಲ್ಲ.

ಮರಳಿ ಜೋಡಿಸುವಾಗ ಹಾಳೆಯನ್ನು ಸುತ್ತಲೂ ಅಂಟಿಸಿ, ಮುರಿದ ಕ್ಲಿಪ್ಪುಗಳನ್ನು ಬದಲಿಸಿ, ತಂತಿಗಳನ್ನು ಜೋಡಿಸಿರಿ. ಹಲಗೆಯನ್ನು ಮೊದಲು ಮೇಲಿನ ಅಂಚಿಗೆ ತೂಗುಹಾಕಿ, ಪ್ರತಿಯೊಂದು ಕ್ಲಿಪ್ಪೂ ತನ್ನ ರಂಧ್ರದ ಎದುರಿಗಿದೆಯೆಂದು ಕಂಡುಕೊಂಡು ಅಂಗೈಯಿಂದ ಒತ್ತಿರಿ. ತಿರುಪುಗಳು ಕೊನೆಗೆ. ಬ್ಯಾಟರಿಯ ತಂತಿಯನ್ನು ಸೇರಿಸಿ ಗಾಜನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿರಿ. ಅದು ಮೇಲಿನ ಅಂಚನ್ನು ಮುಟ್ಟಿ ನಿಂತರೆ, ಮುಂದಿನ ಮಳೆಗೆ ಗಾಡಿ ಸಿದ್ಧವಾಯಿತೆಂದು ತಿಳಿಯಬಹುದು.